ಗುದ್ದಲಿ ಪೂಜೆಗೆ ದಿನ ಕೇಳಲು ಹೋದದ್ದು

ನಗರಸಭೆಗೆ ಸ್ಪರ್ಧಿಸಬೇಕೆಂದು ಮನಸ್ಸು ಮಾಡಿದವರು ಈಗಲೂ ನನ್ನ ಬಳಿಗೆ ಬರುತ್ತಾರೆ. ಯಾವ ಇಲಾಖೆಯ ಕೆಲಸ ಯಾವುದು, ಯಾರಿಗೆ ಅರ್ಜಿ ಕೊಡಬೇಕು, ಸದಸ್ಯನ ಅಧಿಕಾರ ಎಲ್ಲಿಯವರೆಗೆ ಎಂದು ಕೇಳುತ್ತಾರೆ. ಕಾಯ್ದೆಯ ಕಲಮುಗಳನ್ನು ಓದಿ ಹೇಳುವುದು ಕಷ್ಟವಲ್ಲ. ಆದರೆ ಕಲಮುಗಳ ನಡುವೆ ಇರುವ ಜಾಗದಲ್ಲಿ ಕೆಲಸಗಳು ಹೇಗೆ ನಿಲ್ಲುತ್ತವೆ, ಹೇಗೆ ನಡೆಯುತ್ತವೆ ಎಂಬುದನ್ನು ನಾನು ಕಲಿತದ್ದು ಭದ್ರಾವತಿಯ ಒಂದು ಬೀದಿಯಲ್ಲಿ, ಕುಡಿಯುವ ನೀರಿನ ಪೈಪೊಂದನ್ನು ಚರಂಡಿಯಿಂದ ಹೊರಗೆ ತರುವ ಕೆಲಸದಲ್ಲಿ. ಆದ್ದರಿಂದ ಅದನ್ನೇ ಹೇಳುತ್ತೇನೆ.

ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಮೀಸಲಾತಿ ಬಂದು ಕೆಲವು ವರ್ಷಗಳಾಗಿದ್ದವು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯನ್ನು ಅಂಗಡಿಯವರು ಭಾನುವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡುತ್ತಿದ್ದರು. ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿದ್ದ ಮಹಿಳೆಯರಿಗೆ ಅಲ್ಲಿ ನಾನು ತರಗತಿ ನಡೆಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಕೇಳುವವರು ಒಪ್ಪಲೇಬೇಕೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹಾಗಾಗಿ ನನ್ನ ಪಾಠಗಳೂ ಅಚ್ಚುಕಟ್ಟಾಗಿರುತ್ತಿದ್ದವು. ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಒಂದು ಬದಿಗೆ ಎಂಜಿನಿಯರಿಂಗ್ ವಿಭಾಗ, ಇನ್ನೊಂದು ಬದಿಗೆ ಆರೋಗ್ಯ ವಿಭಾಗ ಎಂದು ಬರೆದೆ. ರಸ್ತೆ, ನೀರಿನ ಪೈಪು, ಚರಂಡಿ ಕಟ್ಟುವುದು ಮೊದಲನೆಯದಕ್ಕೆ. ಚರಂಡಿ ಗುಡಿಸುವುದು, ಕಸ ಎತ್ತುವುದು, ನೀರಿನ ಮಾದರಿ ಪರೀಕ್ಷೆಗೆ ಕಳಿಸುವುದು ಎರಡನೆಯದಕ್ಕೆ.

ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಾಕೆ ಎದ್ದು ನಿಂತರು. ಗಂಡ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಈಕೆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಬೀದಿಯವರೆಲ್ಲರ ಬಾಯಲ್ಲಿ ಹೊಲಿಗೆ ಟೀಚರ್.

"ಮೇಡಂ, ಇವೆಲ್ಲಾ ಬರ್ಕೊಂಡೆ. ಆದ್ರೆ ನಮ್ಮ ಬೀದೀಲಿ ಕುಡಿಯೋ ನೀರಿನ ಪೈಪು ಚರಂಡಿ ಒಳಗೇ ಮಲ್ಕೊಂಡಿದೆ. ಅದು ಯಾವ ಕಡೆಗೆ ಬರುತ್ತೆ?"

ಹಿಂದಿನ ಸಾಲಿನಿಂದ ಯಾರೋ, "ಗೆರೆ ಮೇಲೆ ಬರುತ್ತೆ ಮಾರಾಯ್ತಿ, ಅಲ್ಲೇ ಇರ್ಲಿ ಬಿಡು" ಎಂದರು. ಎಲ್ಲರೂ ನಕ್ಕರು. ಟೀಚರ್ ಕೂಡ ನಕ್ಕರು, ಆದರೆ ಕೂರಲಿಲ್ಲ. "ನನ್ನ ನಾದಿನಿ ಮಗಳಿಗೆ ಕಾಮಾಲೆ ಆಗಿದೆ. ಎದುರು ಮನೆ ಅಜ್ಜಿಗೂ ಆಗಿದೆ. ನೀರು ಕುದಿಸಿ ಕುಡೀರಿ ಅಂತಾರೆ. ಸೀಮೆಎಣ್ಣೆ ಅಡುಗೆಗೇ ಸಾಲಲ್ಲ, ನೀರಿಗೆಲ್ಲಿಂದ ತರೋದು?"

ಆ ವಾರವೇ ನಾನು ಭದ್ರಾವತಿಗೆ ಹೋದೆ. ಅವರು ಹೇಳಿದ್ದರಲ್ಲಿ ಅತಿಶಯೋಕ್ತಿ ಇರಲಿಲ್ಲ. ಹಳೆಯ ಕಬ್ಬಿಣದ ಪೈಪು ಬೀದಿಯ ತಲೆಯಿಂದ ಅರ್ಧ ದೂರ ಚರಂಡಿಯ ತಳದಲ್ಲಿಯೇ ಸಾಗಿತ್ತು. ಅದನ್ನು ಹೂಳಿದಾಗ ಅಲ್ಲಿ ಚರಂಡಿಯೇ ಇರಲಿಲ್ಲ. ಆಮೇಲೆ ಮನೆಗಳು ಎದ್ದವು, ಮನೆಗಳಾದ ಮೇಲೆ ಚರಂಡಿ ಬಂದಿತು. ನೀರು ಬಿಡುತ್ತಿದ್ದದ್ದು ದಿನ ಬಿಟ್ಟು ದಿನ. ನೀರು ಇರುವಾಗ ಪೈಪಿನ ಸಡಿಲ ಬೆಸುಗೆಗಳಿಂದ ಒಳಗಿನ ನೀರು ಹೊರಗೆ ಜಿನುಗುತ್ತದೆ. ನಿಂತಾಗ ಖಾಲಿಯಾದ ಪೈಪು ಹೊರಗಿನ ಕೊಳಕನ್ನು ಅದೇ ಸಂದುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ನೀರು ಕಪ್ಪಾಗಿರುವುದಕ್ಕೆ ಅದೇ ಕಾರಣ. ಪರಿಹಾರವೂ ಸ್ಪಷ್ಟವಾಗಿತ್ತು: ರಸ್ತೆಯ ಇನ್ನೊಂದು ಅಂಚಿನಲ್ಲಿ ಹೊಸ ಪೈಪು ಹಾಕಿ ಹಳೆಯದನ್ನು ಮುಚ್ಚಬೇಕು.

ಅಧಿಕಾರಿಗಳು ಸಾರ್ವಜನಿಕರ ಅಹವಾಲು ಕೇಳುವ ಸಭೆಯೊಂದು ಅದೇ ತಿಂಗಳು ಏರ್ಪಾಡಾಗಿತ್ತು. ನಾನು ಸಿದ್ಧಳಾಗಿ ಹೋದೆ. ಕುಡಿಯುವ ನೀರು ಪೌರಸಂಸ್ಥೆಯ ಕಡ್ಡಾಯ ಕರ್ತವ್ಯವೆಂಬ ಅಂಶದಿಂದ ಆರಂಭಿಸಿ, ಎದುರಾಳಿ ಹೇಳಬಹುದಾದ ಮಾತುಗಳನ್ನೆಲ್ಲ ನಾನೇ ಮೊದಲು ಹೇಳಿ, ಒಂದೊಂದಾಗಿ ಖಂಡಿಸಿದೆ. ವೇದಿಕೆಯ ಮೇಲಿದ್ದವರು ಉತ್ತರಿಸಲು ತಡವರಿಸಿದರು. ಸಭೆ ಚಪ್ಪಾಳೆ ತಟ್ಟಿತು. "ಕೂಡಲೇ ಕ್ರಮ ಕೈಗೊಳ್ಳಲಾಗುವುದು" ಎಂಬ ಭರವಸೆ ಬಂದಿತು.

ಕ್ರಮ ಕೈಗೊಂಡರು ಕೂಡ. ಇದನ್ನು ಅಭ್ಯರ್ಥಿಗಳು ಗಮನವಿಟ್ಟು ಓದಬೇಕು. ಆರೋಗ್ಯ ವಿಭಾಗದವರು ಬಂದು ಚರಂಡಿಯ ಹೂಳೆತ್ತಿ ಬ್ಲೀಚಿಂಗ್ ಪೌಡರ್ ಚೆಲ್ಲಿದರು. ಅವರ ಪಾಲಿನ ಕೆಲಸ ಮುಗಿಯಿತು. ಎಂಜಿನಿಯರಿಂಗ್ ವಿಭಾಗದವರು ಬೇರೊಂದು ದಿನ ಬಂದರು. ಅಂದು ನೀರು ಬಿಡುವ ದಿನವಲ್ಲ. ಸೋರಿಕೆ ಕಾಣಲಿಲ್ಲ, ಹಾಗೆಂದೇ ವರದಿ ಹೋಯಿತು. ರಸ್ತೆ ಅಗೆಯುವ ಮಾತು ಬಂದಾಗ ಆ ರಸ್ತೆ ನಗರಸಭೆಯದಲ್ಲ, ಲೋಕೋಪಯೋಗಿ ಇಲಾಖೆಯದು ಎಂದು ತಿಳಿಯಿತು. ಆ ಇಲಾಖೆಯ ಎಂಜಿನಿಯರು ನಗರಸಭೆಯಿಂದ ಪತ್ರ ಬಂದರೆ ನೋಡೋಣ ಎಂದರು. ನಗರಸಭೆಯವರು ಸೋರಿಕೆಯೇ ಇಲ್ಲದ ಮೇಲೆ ಪತ್ರ ಏಕೆ ಎಂದರು. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ದಿನ ಬಂದು, ತಮಗೆ ಕಾಣುವಷ್ಟನ್ನು ನೋಡಿ ಹೋಗಿದ್ದರು.

ಇದೆಲ್ಲ ಆದ ಮೇಲಿನ ಭಾನುವಾರ ಟೀಚರ್ ನನ್ನನ್ನು ಕೇಳಿದರು: "ಮೇಡಂ, ಅವತ್ತು ನಾವು ಗೆದ್ವಿ ಅಲ್ವಾ?"

"ಗೆದ್ದೆವು."

"ನೀರು ಮಾತ್ರ ಹಂಗೇ ಬರ್ತಿದೆ."

ಅದರಲ್ಲಿ ಕುಹಕವಿರಲಿಲ್ಲ. ಆ ಮಧ್ಯಾಹ್ನದ ಪಾಠವನ್ನು ಬಿಟ್ಟು ನಾವೆಲ್ಲ ಸೇರಿ ಯೋಚಿಸಿದೆವು. ವಾದಕ್ಕೆ ಎದುರಾಳಿ ಬೇಕು. ಇಲ್ಲಿ ಎದುರಾಳಿಯೇ ಇಲ್ಲ, ಒಬ್ಬರನ್ನೊಬ್ಬರು ಕಾಣದ ಮೂವರು ಸಜ್ಜನರಿದ್ದಾರೆ. ಹಾಗಾದರೆ ಮಾಡಬೇಕಾದದ್ದು ಆ ಮೂವರನ್ನೂ ಒಂದೇ ಹೊತ್ತಿಗೆ ಒಂದೇ ಚರಂಡಿಯ ಪಕ್ಕ ನಿಲ್ಲಿಸುವುದು, ಅದೂ ನೀರು ಬಿಡುವ ಗಳಿಗೆಯಲ್ಲಿ. ಆಡಳಿತದ ಭಾಷೆಯಲ್ಲಿ ಇದಕ್ಕೆ ಜಂಟಿ ಸ್ಥಳ ಪರಿಶೀಲನೆ ಎನ್ನುತ್ತಾರೆ. ಇದನ್ನು ಕೋರಿ ಅರ್ಜಿ ಕೊಡಲು ಯಾವ ನಾಗರಿಕನಿಗೂ ಅವಕಾಶವಿದೆ. ಆದರೆ ಕೊಟ್ಟು ಬಂದರೆ ಸಾಲದು. ಮೂರೂ ಕಚೇರಿಗಳಿಗೆ ಹೋಗಿ ಒಬ್ಬರ ಬಿಡುವನ್ನು ಇನ್ನೊಬ್ಬರಿಗೆ ತಿಳಿಸಿ, ಇಬ್ಬರ ಬಿಡುವನ್ನು ಮೂರನೆಯವರಿಗೆ ಹೊಂದಿಸಬೇಕು. ಮದುವೆಗೆ ಮುಹೂರ್ತ ಕೂಡಿಸಿದಂತೆ. ಭದ್ರಾವತಿಗೆ ಹೋಗುವ ಬಸ್ಸು ದಾರಿಯಲ್ಲಿ ಮಾಚೇನಹಳ್ಳಿ ದಾಟುವಾಗಲೆಲ್ಲ ನಾನು ಮನಸ್ಸಿನಲ್ಲಿ ವಾದಗಳನ್ನು ಜೋಡಿಸಿಕೊಳ್ಳುತ್ತಿದ್ದವಳು, ಈಗ ಯಾರಿಗೆ ಯಾವ ದಿನ ರಜೆ ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ.

ಕಡೆಗೊಂದು ಬೆಳಿಗ್ಗೆ ಮೂವರೂ ಬಂದರು. ನೀರು ಬಿಟ್ಟರು. ಟೀಚರ್ ಮನೆ ಮುಂದಿನ ನಲ್ಲಿ ಮೊದಲು ಗೊರಗುಟ್ಟಿ, ಆಮೇಲೆ ಕಪ್ಪು ನೀರನ್ನು ಉಗುಳಿತು. ಚರಂಡಿಯಲ್ಲಿ ಪೈಪಿನ ಬೆಸುಗೆಯ ಮೇಲೆ ಗುಳ್ಳೆಗಳು ಎದ್ದವು. ನಗರಸಭೆಯ ಕಿರಿಯ ಎಂಜಿನಿಯರು ಪ್ಯಾಂಟು ಮಡಿಸಿಕೊಂಡು ಚರಂಡಿಗೆ ಇಳಿದರು. ಕಾಮಾಲೆಯಿಂದ ಏಳುತ್ತಿದ್ದ ಎದುರು ಮನೆಯ ಅಜ್ಜಿ ಜಗಲಿಯಿಂದಲೇ, "ಏನಪ್ಪಾ, ಒಂದು ಲೋಟ ಕೊಡ್ಲಾ?" ಎಂದರು. ಅವರು ತಲೆ ಎತ್ತದೆ, "ಬೇಡಮ್ಮ, ನಾನು ಮನೇಲಿ ಕುಡ್ಕೊಂಡೇ ಬಂದಿದೀನಿ" ಎಂದರು. ಬೀದಿಯೆಲ್ಲ ನಕ್ಕಿತು. ಅಲ್ಲಿಯೇ ಮೂವರ ಸಹಿಯೊಂದಿಗೆ ವರದಿ ಸಿದ್ಧವಾಯಿತು.

ಆಮೇಲಿನ ಹಾದಿ ಉದ್ದವಾದರೂ ನೇರವಾಗಿತ್ತು. ಎಂಜಿನಿಯರು ಅಂದಾಜು ಪಟ್ಟಿ ತಯಾರಿಸಿದರು. ಮೇಲಿನ ಎಂಜಿನಿಯರು ಅದಕ್ಕೆ ತಾಂತ್ರಿಕ ಮಂಜೂರಾತಿ ಕೊಟ್ಟರು. ನಗರಸಭೆ ಆಡಳಿತಾತ್ಮಕ ಅನುಮೋದನೆ ಕೊಟ್ಟಿತು. ಲೋಕೋಪಯೋಗಿ ಇಲಾಖೆ ರಸ್ತೆ ಅಗೆಯಲು ಒಪ್ಪಿತು. ಟೆಂಡರ್ ಕರೆದು ಗುತ್ತಿಗೆದಾರರಿಗೆ ಕಾರ್ಯಾದೇಶ ಹೊರಟಿತು. ಒಂದು ಮೆಟ್ಟಿಲನ್ನು ಹತ್ತದೆ ಮುಂದಿನದಕ್ಕೆ ಕಾಲಿಡಲಾಗದು. ಯಾವ ಮೆಟ್ಟಿಲಿನ ಮೇಲೆ ಕಡತ ಕೂತಿದೆ ಎಂದು ತಿಳಿದಿದ್ದರೆ ಮಾತ್ರ ಅದನ್ನು ಏಳಿಸಲು ಸಾಧ್ಯ. ಹೊಸ ಪೈಪುಗಳು ಲಾರಿಯಲ್ಲಿ ಬಂದು ಬೀದಿಯ ತಲೆಯಲ್ಲಿ ಇಳಿದವು. ಟೀಚರ್ ನಾದಿನಿ ತನ್ನ ಮಗಳನ್ನು ಕರೆತಂದು ಅವನ್ನು ತೋರಿಸಿದಳು.

ಪೈಪುಗಳು ಅಲ್ಲಿಯೇ ಬಿದ್ದಿದ್ದವು. ಗುತ್ತಿಗೆದಾರರನ್ನು ಕೇಳಿದರೆ, "ಮೇಡಂ, ಮೆಂಬರ್ರು ಗುದ್ದಲಿ ಪೂಜೆಗೆ ದಿನ ಕೊಟ್ಟಿಲ್ಲ" ಎಂದರು.

"ಪೂಜೆ ಆಗಲೇಬೇಕೆಂದು ಕಾರ್ಯಾದೇಶದಲ್ಲಿ ಇದೆಯೇ?"

"ಕಾಗದದಲ್ಲಿ ಇಲ್ಲ. ಆದ್ರೆ ಮೆಂಬರ್ರನ್ನ ಬಿಟ್ಟು ನೆಲ ಅಗೆದೋನು ಮತ್ತೆ ಆ ವಾರ್ಡಲ್ಲಿ ಕೆಲಸ ಮಾಡೋಕಾಗುತ್ತಾ? ನೀವೇ ಹೇಳಿ."

ಯಾವ ಕಾಯ್ದೆಯಲ್ಲಿಯೂ ಇಲ್ಲದ, ಎಲ್ಲ ಊರುಗಳಲ್ಲಿಯೂ ಇರುವ ಇಲಾಖೆ ಇದು. ಕೆಲಸ ಆರಂಭವಾಗುವ ಮುನ್ನ ಸ್ಥಳೀಯ ಸದಸ್ಯರು ಬಂದು ಕಾಯಿ ಒಡೆದು, ನೆಲಕ್ಕೆ ಗುದ್ದಲಿ ತಾಗಿಸಬೇಕು. ಹಾಲಿ ಸದಸ್ಯರ ವಾರ್ಡು ಈ ಬಾರಿ ಮಹಿಳೆಗೆ ಮೀಸಲಾಗಿತ್ತು. ಅವರು ತಮ್ಮ ಪತ್ನಿಯನ್ನು ನಿಲ್ಲಿಸುವವರಿದ್ದರು. ಪೂಜೆ ಚುನಾವಣೆಗೆ ಆದಷ್ಟು ಹತ್ತಿರವಾದರೆ ಜನರ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅವರ ಎಣಿಕೆ. ಆದರೆ ಚುನಾವಣೆ ಘೋಷಣೆಯಾದ ಗಳಿಗೆಯಿಂದ ನೀತಿ ಸಂಹಿತೆ ಜಾರಿಗೆ ಬರುತ್ತದೆ. ನೆಲ ಅಗೆದು ಆರಂಭಿಸಿದ ಕೆಲಸ ಮುಂದುವರಿಯಬಹುದು. ಆರಂಭವಾಗದ ಕೆಲಸ ನಿಂತುಬಿಡುತ್ತದೆ. ಘೋಷಣೆ ಇಂದೋ ನಾಳೆಯೋ ಎಂಬಂತಿತ್ತು. ನಿಂತರೆ ಆ ಬೇಸಗೆಯೆಲ್ಲ ಬೀದಿ ಅದೇ ನೀರು ಕುಡಿಯಬೇಕು.

ತರಗತಿಯಲ್ಲಿ ಇದನ್ನು ಚರ್ಚೆಗೆ ಇಟ್ಟೆ. ನನ್ನ ನಿಲುವು ಖಚಿತವಾಗಿತ್ತು. ಬೀದಿಯ ಹೆಂಗಸರೇ ಸೇರಿ ಗುದ್ದಲಿ ಪೂಜೆ ಮಾಡಬೇಕು, ಟೀಚರ್ ಮೊದಲ ಗುದ್ದಲಿ ಹಾಕಬೇಕು, ಪತ್ರಿಕೆಯವರನ್ನು ಕರೆಯಬೇಕು. ಕೆಲಸದ ಹಿಂದಿನ ಶ್ರಮ ಯಾರದೋ ಅದರ ಕೀರ್ತಿಯೂ ಅವರದಾಗಬೇಕು. ಹಾಗಾಗದಿದ್ದರೆ ದುಡಿಯುವವರು ಎಂದೂ ಆರಿಸಿಬರುವುದಿಲ್ಲ. ಬಹುಮತ ನನ್ನ ಕಡೆಗಿತ್ತು.

ಟೀಚರ್ ಎಲ್ಲವನ್ನೂ ಕೇಳಿ, "ನಾನು ಗುದ್ದಲಿ ಹಾಕ್ತೀನಿ. ಫೋಟೋ ಬರುತ್ತೆ. ಮಾರನೇ ದಿನ ಗುತ್ತಿಗೆದಾರ ಬರ್ತಾನಾ?" ಎಂದರು.

"ಬರಬೇಕು. ಕಾರ್ಯಾದೇಶ ಇದೆ."

"ಬರ್ಬೇಕು ಅಂತ ಕೇಳ್ಲಿಲ್ಲ ಮೇಡಂ. ಬರ್ತಾನಾ ಅಂತ ಕೇಳಿದ್ದು."

ಟೀಚರ್ ಸೆರಗಿನ ಅಂಚನ್ನು ಮಡಿಸುತ್ತ, "ನಾನೇ ಹೋಗಿ ಮೆಂಬರ್ ಹತ್ರ ದಿನ ಕೇಳ್ತೀನಿ" ಎಂದರು.

"ಅವರ ಹೆಂಡತಿಯ ವಿರುದ್ಧ ನಿಲ್ಲುವವರು ನೀವು. ನಿಮ್ಮ ಕೈಯಾರೆ ಅವರಿಗೆ ಚುನಾವಣೆ ಕೊಟ್ಟಂತಾಗುತ್ತದೆ" ಎಂದೆ.

"ಆಗ್ಬಹುದು. ಆದ್ರೆ ಆ ಮಗು ಇನ್ನೊಂದ್ಸಲ ಮಲಗಿದ್ರೆ ನಾನು ಯಾವ ಮುಖ ಇಟ್ಕೊಂಡು ಓಟು ಕೇಳ್ಲಿ?"

ನಾನು ನನ್ನ ಪ್ರಸ್ತಾವವನ್ನು ಹಿಂದಕ್ಕೆ ತೆಗೆದುಕೊಂಡೆ. ಅವರ ಜೊತೆಗೆ ನಾನೂ ಬರುವೆನೆಂದೆ. ಅವರು ಒಂದೇ ಷರತ್ತು ಹಾಕಿದರು: "ಅಲ್ಲಿ ನೀವು ಮಾತಾಡ್ಬಾರ್ದು."

ಸದಸ್ಯರ ಮನೆಯಲ್ಲಿ ನಮ್ಮನ್ನು ಗೌರವದಿಂದಲೇ ಕೂರಿಸಿದರು. ಅವರ ಪತ್ನಿ ಕಾಫಿ ತಂದುಕೊಟ್ಟು ಒಳಬಾಗಿಲ ಬಳಿ ನಿಂತರು. ಸದಸ್ಯರು ಟೀಚರನ್ನು ನೋಡಿ, "ಏನ್ ಟೀಚರ್, ನೀವೂ ನಿಲ್ತೀರಂತೆ?" ಎಂದರು.

"ನಿಲ್ತೀನಿ ಅಣ್ಣ."

"ನಮ್ಮನೆಯವಳ ಎದುರಿಗೆ?"

"ಅತ್ತಿಗೆ ಎದುರಿಗೇ."

"ಭಲೇ. ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ಗುದ್ದಲಿ ಪೂಜೆಗೆ ಕರ್ಯೋಕೆ. ಪೈಪು ಬಂದು ಬಿದ್ದಿದೆ. ನೀವು ಬಂದು ಒಂದ್ ಕಾಯಿ ಒಡೆದ್ರೆ ಕೆಲಸ ಶುರು ಆಗುತ್ತೆ."

ಸದಸ್ಯರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಆ ಪೈಪಿಗೆ ಓಡಾಡ್ದೋರು ನೀವು ಅಂತ ನಂಗೂ ಗೊತ್ತು. ನನ್ ಕೈಲಿ ಪೂಜೆ ಮಾಡ್ಸಿ ಆಮೇಲೆ ಭಾಷಣದಲ್ಲಿ ಬೈಯೋ ಪ್ಲಾನಾ?"

"ಬೈಯಲ್ಲ ಅಣ್ಣ. ನೀವೇ ಹಾಕ್ಸಿದ್ದು ಅಂತ ಹೇಳ್ಕೊಳ್ಳಿ. ಬೇಗ ಹೇಳ್ಕೊಳ್ಳಿ, ಅಷ್ಟೇ."

ಅವರು ನನ್ನ ಕಡೆ ನೋಡಿದರು. ನಾನು ಕಾಫಿಯ ಲೋಟವನ್ನೇ ನೋಡುತ್ತ ಕುಳಿತಿದ್ದೆ. "ಎಮ್ಮೆಲ್ಲೆಯವ್ರನ್ನೂ ಕರೀಬೇಕು. ಅವ್ರ ಡೇಟ್ ಸಿಗ್ಬೇಕು. ಮುಂದಿನ ತಿಂಗಳು ನೋಡೋಣ" ಎಂದರು ಸದಸ್ಯರು.

ಆಗ ಒಳಬಾಗಿಲಿಂದ ಮಾತು ಬಂದಿತು. "ಶುಕ್ರವಾರ ದಿನ ಚೆನ್ನಾಗಿದೆ."

"ನೀನು ಸುಮ್ನಿರು."

"ಸುಮ್ನಿರೋಳನ್ನ ಎಲೆಕ್ಷನ್‌ಗೆ ಯಾಕೆ ನಿಲ್ಲಿಸ್ತಿದೀರಿ?" ಎಂದರು ಆಕೆ, ದನಿ ಏರಿಸದೆ. "ಮುಂದಿನ ತಿಂಗಳು ಕೋಡ್ ಬಂದ್ರೆ ಪೂಜೆಯೂ ಇಲ್ಲ, ಪೈಪೂ ಇಲ್ಲ. ಆ ಬೀದಿಗೆ ಓಟು ಕೇಳೋಕೆ ಹೋಗ್ಬೇಕಾದೋಳು ನಾನು."

ಸದಸ್ಯರು ನಕ್ಕುಬಿಟ್ಟರು. ಶುಕ್ರವಾರವೆಂದು ನಿಶ್ಚಯವಾಯಿತು.

ಆ ಶುಕ್ರವಾರ ಬೀದಿಗೆ ಮಾವಿನ ತೋರಣ ಕಟ್ಟಿದವರು ಟೀಚರ್ ಬಳಿ ಹೊಲಿಗೆ ಕಲಿಯುತ್ತಿದ್ದ ಹುಡುಗಿಯರು. ಅರಿಶಿನ ಕುಂಕುಮದ ತಟ್ಟೆ ಟೀಚರ್ ಮನೆಯದು. ಸದಸ್ಯರು ಕಾಯಿ ಒಡೆದರು, ಗುದ್ದಲಿ ಎತ್ತಿದರು, ಫೋಟೋ ತೆಗೆಸಿಕೊಂಡರು. ತಮ್ಮ ನಿರಂತರ ಪರಿಶ್ರಮದ ಫಲವಾಗಿ ಈ ದಿನ ಬಂದಿದೆ ಎಂದು ಭಾಷಣ ಮಾಡಿದರು. ಪಕ್ಕದಲ್ಲಿ ನಿಂತಿದ್ದ ಕಿರಿಯ ಎಂಜಿನಿಯರು ನನ್ನತ್ತ ಒಮ್ಮೆ ನೋಡಿ ತಮ್ಮ ಬೂಟುಗಳನ್ನು ನೋಡಿಕೊಂಡರು. ಆ ಭಾಷಣದ ಪ್ರತಿ ವಾಕ್ಯಕ್ಕೂ ನನ್ನಲ್ಲಿ ಖಂಡನೆ ಸಿದ್ಧವಿತ್ತು. ಟೀಚರ್ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಸದಸ್ಯರ ಜೀಪು ತಿರುವು ದಾಟುವಷ್ಟರಲ್ಲಿ ಗುತ್ತಿಗೆದಾರರ ಆಳುಗಳು ಅಗೆಯಲು ತೊಡಗಿದ್ದರು.

ಬೇಗನೆ ಚುನಾವಣೆ ಘೋಷಣೆಯಾಯಿತು. ಅದೇ ವಾರ್ಡಿನ ಇನ್ನೊಂದು ರಸ್ತೆಗೆ ಬಂದಿದ್ದ ಜಲ್ಲಿಯ ರಾಶಿ ಹಾಗೆಯೇ ಉಳಿಯಿತು. ಅಲ್ಲಿ ಪೂಜೆ ಆಗಿರಲಿಲ್ಲ. ಈ ಬೀದಿಯಲ್ಲಿ ಮಾತ್ರ ಕೆಲಸ ನಿಲ್ಲಲಿಲ್ಲ. ಹೊಸ ಪೈಪಿಗೆ ಮನೆಮನೆಯ ಸಂಪರ್ಕ ಬದಲಾಯಿಸಿ, ಹಳೆಯದರ ಬಾಯಿಗೆ ಸಿಮೆಂಟು ತುಂಬಿದರು. ಆರೋಗ್ಯ ವಿಭಾಗ ನೀರಿನ ಮಾದರಿ ತೆಗೆದುಕೊಂಡು ಹೋಗಿ, ಕುಡಿಯಬಹುದೆಂದು ತಿಳಿಸಿತು. ಎದುರು ಮನೆಯ ಅಜ್ಜಿ ಮೊದಲ ಕೊಡವನ್ನು ನಲ್ಲಿಗೆ ಇಟ್ಟು, ನೀರು ತುಂಬುವುದನ್ನು ಬಗ್ಗಿ ನೋಡುತ್ತಿದ್ದರು. ತಳ ಕಾಣುತ್ತಿತ್ತು.

ಪ್ರಚಾರಕ್ಕೆ ನಾನು ಟೀಚರ್ ಜೊತೆ ಕೆಲವು ಮನೆಗಳಿಗೆ ಹೋದೆ. ಅವರು ಕೊಟ್ಟ ಭರವಸೆಗಳು ಕಡಿಮೆ. ಬಸ್ಸು ಹೆಚ್ಚು ಬಿಡಿಸಿ ಎಂದವರಿಗೆ ಅದು ನಗರಸಭೆಯ ಕೈಲಿಲ್ಲ ಎನ್ನುತ್ತಿದ್ದರು. ಬೀದಿದೀಪ ಎಂದವರಿಗೆ ಅದಾಗುತ್ತದೆ ಎನ್ನುತ್ತಿದ್ದರು. ಒಬ್ಬಾಕೆ, "ಪೈಪು ಹಾಕ್ಸಿದ್ದು ಮೆಂಬರ್ರಲ್ವಾ?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆಯೇ ಟೀಚರ್, "ಹೌದು, ಅವ್ರೂ ಹಾಕ್ಸಿದ್ರು" ಎಂದರು. ಬೀದಿಗೆ ಬಂದ ಮೇಲೆ ನಾನು ಆಕ್ಷೇಪಿಸಿದೆ. "ಮಾತು ಕೊಟ್ಟಿದ್ದೆ ಮೇಡಂ. ಅಲ್ದೆ ಅದು ಪೂರ್ತಿ ಸುಳ್ಳೂ ಅಲ್ಲ" ಎಂದರು.

ಅವರು ಸೋತರು. ಸದಸ್ಯರ ಪತ್ನಿ ಗೆದ್ದರು. ಎಣಿಕೆ ಮುಗಿದ ಸಂಜೆ ನಾನು ಟೀಚರ್ ಮನೆಗೆ ಹೋದಾಗ ಅವರು ಒಂದು ರವಿಕೆಗೆ ಗುಂಡಿ ಹಚ್ಚುತ್ತಿದ್ದರು. ಕಣ್ಣುಗಳು ಕೆಂಪಾಗಿದ್ದವು. ಕುಡಿಯಲು ನೀರು ಕೊಟ್ಟರು, ಕುಡಿದೆ. ಆ ಬೀದಿಯಲ್ಲಿ ನಾನು ನೀರು ಕುಡಿದದ್ದು ಅದೇ ಮೊದಲು.

ಚುನಾವಣೆ ಮುಗಿದರೂ ಭಾನುವಾರದ ತರಗತಿಯನ್ನು ನಾನು ನಿಲ್ಲಿಸಲಿಲ್ಲ. ಸೋತವರಿಗೂ ಐದು ವರ್ಷ ಇರುತ್ತದೆ. ಒಂದು ಮಧ್ಯಾಹ್ನ ಪಾಠ ಆರಂಭವಾದ ಮೇಲೆ ಮೆಟ್ಟಿಲುಗಳ ಮೇಲೆ ಯಾರೋ ನಿಧಾನವಾಗಿ ಹತ್ತಿಬರುವ ಸದ್ದಾಯಿತು. ಬಾಗಿಲಲ್ಲಿ ಹೊಸ ಸದಸ್ಯೆ ನಿಂತಿದ್ದರು. ಒಬ್ಬರೇ ಬಂದಿದ್ದರು.

"ಯಜಮಾನ್ರು ಜೊತೇಲಿ ಬರ್ತೀನಿ ಅಂದ್ರು. ನಾನೇ ಬೇಡ ಅಂದೆ" ಎಂದರು ನನಗೆ. ಆಮೇಲೆ ಟೀಚರ್ ಕಡೆ ತಿರುಗಿದರು.

ಟೀಚರ್ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. "ಬನ್ನಿ ಅತ್ತಿಗೆ. ಹಳೇ ಪೈಪು ಮುಚ್ಚೋವಾಗ ಒಡೆದ ನಮ್ಮ ಚರಂಡಿ ಇನ್ನೂ ಹಂಗೇ ಇದೆ. ಬರ್ಕೊಳ್ಳಿ: ಕಟ್ಟೋದು ಎಂಜಿನಿಯರಿಂಗ್ ವಿಭಾಗ, ಗುಡಿಸೋದು ಆರೋಗ್ಯ ವಿಭಾಗ."

ಹೊಸ ಸದಸ್ಯೆ ಕೂತು ಬರೆದುಕೊಂಡರು. ಆಮೇಲೆ ತಲೆ ಎತ್ತಿ, "ಪೂಜೆ?" ಎಂದರು.

"ಅದು ನಿಮ್ಮ ವಿಭಾಗ" ಎಂದರು ಟೀಚರ್.

"ಹಂಗಾದ್ರೆ ಅದು ಕಡೇಗಿರ್ಲಿ. ಮೊದ್ಲು ಅಗೀಲಿ."